ಟಾಕೀಸಿನ ಮುಖಗೋಡೆ: ಮಡಿಕೇರಿಯ ಒಂದು ಹಳೆಯ ಚಿತ್ರಮಂದಿರದ ಪ್ರಕರಣ

ಸೆಪ್ಟೆಂಬರ್ ಕೊನೆಯ ವಾರ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮಡಿಕೇರಿಯ ಹಳೆಯ ಟಾಕೀಸೊಂದರ ಮಾಲೀಕರ ಮನೆಯಿಂದ ಫೋನ್ ಬಂತು. "ಮುಂದಿನ ಗೋಡೆ ಪೂರಾ ನೀರು ಕುಡಿದಿದೆ. ಶೀಟು ಹೊದಿಸುವುದೆಂದು ತೀರ್ಮಾನ ಮಾಡಿದ್ದೇವೆ. ನೀವು ಒಮ್ಮೆ ನೋಡಿ ನಕ್ಷೆಗೆ ಸಹಿ ಹಾಕಿಕೊಟ್ಟರೆ ಕೆಲಸ ಶುರುವಾಗುತ್ತದೆ" ಎಂದರು ಮನೆಯ ಹಿರಿಯ ಮಗ. ನಾನು ವಾಸ್ತುಶಿಲ್ಪಿ; ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಹೆಚ್ಚಿನ ಕೆಲಸ. ಸಹಿ ಹಾಕಲು ಹೋದವನು ಹನ್ನೊಂದು ತಿಂಗಳು ಆ ಗೋಡೆಯ ಮುಂದೆ ಓಡಾಡಿದೆ. ಆಗ ನಡೆದದ್ದನ್ನು ಕುಟುಂಬದವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಟಾಕೀಸಿನ ಹೆಸರನ್ನೂ ಬೀದಿಯನ್ನೂ ಹೇಳಬಾರದೆಂಬುದು ಅವರ ಕೋರಿಕೆ.

ರಸ್ತೆಯ ಕಡೆಗೆ ನಲವತ್ತೆರಡು ಅಡಿ ಅಗಲದ ಗೋಡೆ. ನಡುವೆ ಬುಡದಿಂದ ನೆತ್ತಿಯವರೆಗೆ ಏರಿದ ಮೂರು ಉಬ್ಬುಪಟ್ಟಿಗಳು. ಅವುಗಳ ಎರಡೂ ಪಕ್ಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪ್ಯಾರಪೆಟ್, ಅಂದರೆ ಮಾಡಿನ ಅಂಚಿನ ಗಿಡ್ಡಗೋಡೆ. ಬಾಗಿಲ ಮೇಲೆ ಅರ್ಧಚಂದ್ರಾಕಾರದ ಕಾಂಕ್ರೀಟ್ ಸಜ್ಜೆ. ಟಿಕೆಟ್ ಕಿಂಡಿಗಳು ಮೂರು. ಬಾಲ್ಕನಿಯದೂ ಸೆಕೆಂಡ್ ಕ್ಲಾಸಿನದೂ ಮುಂಬಾಗಿಲ ಪಕ್ಕದಲ್ಲಿವೆ. ಗಾಂಧಿ ಕ್ಲಾಸಿನ ಕಿಂಡಿ ಮಾತ್ರ ಪಕ್ಕದ ಓಣಿಗೆ ತಿರುಗಿದೆ. ಜೀಪಿನಲ್ಲಿ ಬಂದು ಇಳಿಯುವವರಿಗೆ ತೋಟದ ಕೂಲಿಯವರ ಸಾಲು ಕಾಣಿಸಬಾರದು ಎಂದೇ ಹಾಗೆ ಕಟ್ಟಿದ್ದು ಎಂದು ಮನೆಯ ತಾಯಿ ನನಗೆ ಹೇಳಿದರು. ನೆತ್ತಿಯಲ್ಲಿ ಗಾರೆಯಿಂದಲೇ ಎಬ್ಬಿಸಿದ ಅಕ್ಷರಗಳಲ್ಲಿ ಟಾಕೀಸಿನ ಹೆಸರು, ಅದರ ಕೆಳಗೆ 1954 ಎಂಬ ಇಸವಿ.

ನಾನು ಮೊದಲು ನಿಂತು ನೋಡಿದ್ದು ಆ ಇಸವಿಯನ್ನು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಹಿಂದಿನ ಕೆಲವೇ ವರ್ಷ ಅದು ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ ಇದ್ದ 'ಸಿ' ದರ್ಜೆಯ ಪುಟ್ಟ ರಾಜ್ಯ. ಮಡಿಕೇರಿ ಅದರ ರಾಜಧಾನಿ. ಊರು ರಾಜಧಾನಿಯಾಗಿದ್ದ ಆ ಚಿಕ್ಕ ಅವಧಿಯಲ್ಲಿ ಖಾಸಗಿಯವರು ಕಟ್ಟಿದ ಸಾರ್ವಜನಿಕ ಕಟ್ಟಡವಿದು. ಅಂಥವು ಎಷ್ಟು ಉಳಿದಿವೆ ಎಂದು ಬೀದಿ ಬೀದಿ ಅಲೆದರೆ ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದು.

ಗುತ್ತಿಗೆದಾರರು ಬರೆಸಿಟ್ಟಿದ್ದ ನಕ್ಷೆಯಲ್ಲಿ ಇದಾವುದೂ ಇರಲಿಲ್ಲ. ಗೋಡೆಗೆ ಅಡಿಯಿಂದ ಮುಡಿಯವರೆಗೆ ಎಸಿಪಿ ಹಲಗೆ (ಎರಡು ಅಲ್ಯೂಮಿನಿಯಂ ತಗಡುಗಳ ನಡುವೆ ತಿರುಳು ತುಂಬಿದ ಹೊದಿಕೆ), ಅದರ ಮೇಲೆ ಹದಿನೈದು ಅಡಿಯ ಎಲ್‌ಇಡಿ ಫಲಕ. ಬಲಗಡೆಯ ಎರಡು ಕಿಟಕಿ ಒಡೆದು ಅಂಗಡಿಗೆ ರೋಲಿಂಗ್ ಶಟರ್. ಹೆಂಚಿನ ಮಾಡಿನ ಮೇಲೆ ಶೀಟಿನ ಇನ್ನೊಂದು ಮಾಡು. ಮುಂದಿನ ಭಾಗದ ಮೇಲೆ ಹೋಂಸ್ಟೇಗೆಂದು ಒಂದು ಮಹಡಿ. ಹಾಲ್ ಮುಚ್ಚಿ ವರ್ಷಗಳಾಗಿದ್ದವು. ಅದನ್ನು ನೂರಿಪ್ಪತ್ತು ಆಸನಗಳ ಸಭಾಂಗಣ ಮಾಡಿ ನಾಟಕ, ಸಿನಿಮಾ, ಸಭೆ ಎಲ್ಲಕ್ಕೂ ಕೊಡಬೇಕು, ಅಂಗಡಿಯ ಬಾಡಿಗೆ ಅದನ್ನು ಸಾಕಬೇಕು ಎಂಬುದು ಮನೆಯ ಕಿರಿಯ ಮಗ, ಅಂದರೆ ಫೋನ್ ಮಾಡಿದವರ ತಮ್ಮನ ಲೆಕ್ಕ. ಈ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಬೀಗ ಹಾಕಿದ ಟಾಕೀಸು ಕೊಡಗಿನ ಮಳೆಯಲ್ಲಿ ಹತ್ತು ವರ್ಷ ನಿಲ್ಲುವುದಿಲ್ಲ.

ಮುಂದೇನು ಮಾಡುವುದೆಂದು ಯೋಚಿಸುವ ಮೊದಲು ಯಾವ ಕಾನೂನು ಈ ಗೋಡೆಯನ್ನು ಮುಟ್ಟುತ್ತದೆ ಎಂದು ಹುಡುಕಿದೆ. 1958ರ ಕೇಂದ್ರ ಪುರಾತನ ಸ್ಮಾರಕ ಕಾಯ್ದೆಯಾಗಲಿ, 1961ರ ನಮ್ಮ ರಾಜ್ಯದ ಕಾಯ್ದೆಯಾಗಲಿ ಪುರಾತನ ಸ್ಮಾರಕ ಎನ್ನಬೇಕಾದರೆ ನೂರು ವರ್ಷ ತುಂಬಿರಬೇಕು. ನಮ್ಮ ಟಾಕೀಸಿಗೆ ಆ ಅರ್ಹತೆ ಬರುವುದು 2054ರಲ್ಲಿ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಚಿತ್ರಮಂದಿರಕ್ಕೆ ಪರವಾನಗಿ ಬೇಕು, ಪರವಾನಗಿ ಪಡೆದ ಕಟ್ಟಡವನ್ನು ಬದಲಾಯಿಸಲು ಒಪ್ಪಿಗೆಯೂ ಬೇಕು. ಆದರೆ ಅಲ್ಲಿ ನೋಡುವುದು ನಿರ್ಗಮನದ ಬಾಗಿಲು, ಆಸನಗಳ ನಡುವಿನ ದಾರಿ, ಬೆಂಕಿಯ ಸುರಕ್ಷತೆ. ಪುರಸಭೆ, ನಗರಸಭೆಗಳ ಕಾಯ್ದೆಯಡಿ ಕಟ್ಟಡ ಪರವಾನಗಿ ಕೊಡುವಾಗ ನೋಡುವುದು ಎತ್ತರ, ಸುತ್ತ ಬಿಟ್ಟ ಜಾಗ, ಪಾರ್ಕಿಂಗ್. ಕೇಂದ್ರ ಸರ್ಕಾರದ 2016ರ ಮಾದರಿ ಕಟ್ಟಡ ಉಪವಿಧಿಗಳಲ್ಲಿ ಪಾರಂಪರಿಕ ಕಟ್ಟಡಗಳಿಗೇ ಒಂದು ಅಧ್ಯಾಯವಿದೆ, ಒಂದು, ಎರಡು, ಮೂರು ಎಂಬ ಶ್ರೇಣಿಗಳಿವೆ. ಎರಡನೆಯ ಶ್ರೇಣಿಯಲ್ಲಿ ಒಳಗಿನ ಬದಲಾವಣೆಗೆ ಸಡಿಲಿಕೆ, ಹೊರಮುಖಕ್ಕೆ ಬಿಗಿ ಪರಿಶೀಲನೆ. ಆದರೆ ಶ್ರೇಣಿ ಸಿಗಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು. ಈ ಕಟ್ಟಡದ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

"ಅಂದರೆ ನಮಗೆ ಬೇಕಾದ್ದು ಮಾಡಬಹುದು ತಾನೆ?" ಎಂದು ತಮ್ಮ ಕೇಳಿದರು. ಹೌದೆನ್ನುವ ಮೊದಲು ನಾನು ಭೂಪಟ ತೆಗೆದು ಅಳೆದೆ. ಮಡಿಕೇರಿ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯಂತೆ ಇಂಥ ಸ್ಮಾರಕದ ರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಟಾಕೀಸು ಬರೋಬ್ಬರಿ 230 ಮೀಟರಿನಲ್ಲಿತ್ತು. ತನ್ನ ಸ್ವಂತ ಅರ್ಹತೆಯಿಂದ ಯಾವ ಕಾನೂನಿಗೂ ಬೇಡವಾದ ಕಟ್ಟಡ, ಕೋಟೆಯ ನೆರೆಮನೆಯಾದ್ದರಿಂದ ಕಾನೂನಿಗೆ ಬೇಕಾಯಿತು. ನಿಯಂತ್ರಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೂ ಪುನರ್ನಿರ್ಮಾಣಕ್ಕೂ ದುರಸ್ತಿಗೂ ಮುಂಗಡ ಅನುಮತಿ ಬೇಕು; ತಪ್ಪಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಗುತ್ತಿಗೆದಾರರ ನಕ್ಷೆಯ ಯಾವ ಹಾಳೆಯಲ್ಲೂ ಇದರ ಸುಳಿವಿರಲಿಲ್ಲ. ಕೋಟೆಯ ಆಸುಪಾಸಿನಲ್ಲಿ ಮನೆ, ಅಂಗಡಿ ಇರುವವರು ಮೊಳೆ ಹೊಡೆಯುವ ಮೊದಲು ಈ ದೂರವನ್ನು ಅಳೆದುಕೊಳ್ಳಲೇಬೇಕು.

ಆದರೂ ಕೋಟೆಯ ಈ ನಿಯಮ ಕೋಟೆಯನ್ನು ಕಾಯುತ್ತದೆಯೇ ಹೊರತು ಟಾಕೀಸಿನ ಅಕ್ಷರಗಳನ್ನಲ್ಲ. ಅವನ್ನು ಕೆತ್ತಿ ತೆಗೆದರೆ ಕೋಟೆಗೆ ನಷ್ಟವೇನೂ ಇಲ್ಲ. ಹಾಗಾಗಿ ರಂಗಮಂದಿರಗಳಿಗೆಂದೇ ನಿಯಮ ಕಟ್ಟಿದ ಊರು ಯಾವುದು ಎಂದು ನೋಡಿದೆ. ನ್ಯೂಯಾರ್ಕಿನ ಅನುಭವ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಅಲ್ಲಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವಲು ತೊಡಗಿದಾಗ ಜನ ಸಿಟ್ಟಿಗೆದ್ದರು. 1965ರಲ್ಲಿ ನಗರದ ಪಾರಂಪರಿಕ ಕಟ್ಟಡಗಳ ಕಾನೂನು ಬಂತು. ಅಲ್ಲಿ ಮೂವತ್ತು ವರ್ಷ ತುಂಬಿದರೆ ಕಟ್ಟಡ ಪಟ್ಟಿಗೆ ಅರ್ಹ. ನಮ್ಮ ನೂರಕ್ಕೂ ಅವರ ಮೂವತ್ತಕ್ಕೂ ನಡುವಿನ ಅಂತರದಲ್ಲೇ ನಮ್ಮ ಟಾಕೀಸುಗಳೆಲ್ಲ ಬಿದ್ದುಹೋಗುತ್ತಿವೆ. ಇಷ್ಟಿದ್ದರೂ 1982ರಲ್ಲಿ ಹೋಟೆಲೊಂದಕ್ಕಾಗಿ ಅಲ್ಲಿ ಮೊರಾಸ್ಕೊ, ಹೆಲೆನ್ ಹೇಯ್ಸ್ ಮೊದಲಾದ ರಂಗಮಂದಿರಗಳನ್ನು ಉರುಳಿಸಿದರು. ಆ ನೋವಿನ ಫಲವಾಗಿ 1987 ಮತ್ತು 1988ರಲ್ಲಿ ಇಪ್ಪತ್ತೆಂಟು ಬ್ರಾಡ್‌ವೇ ರಂಗಮಂದಿರಗಳು ರಕ್ಷಣೆಗೆ ಬಂದವು. ಕೆಲವಕ್ಕೆ ಒಳಭಾಗಕ್ಕೆ ಮಾತ್ರ ರಕ್ಷಣೆ, ಕೆಲವಕ್ಕೆ ಹೊರಮುಖಕ್ಕೆ, ಹಲವಕ್ಕೆ ಎರಡಕ್ಕೂ.

ಅಲ್ಲಿನ ನಿಯಮದಲ್ಲಿ ನನಗೆ ಹಿಡಿಸಿದ್ದು ಕೆಲಸವನ್ನು ಅದರ ಭಾರಕ್ಕೆ ತಕ್ಕಂತೆ ಬೇರ್ಪಡಿಸುವ ರೀತಿ. ಒಡೆದ ಗಾಜು ಹಾಕಲು, ಇದ್ದ ಬಣ್ಣವನ್ನೇ ಮತ್ತೆ ಬಳಿಯಲು ಯಾರನ್ನೂ ಕೇಳಬೇಕಿಲ್ಲ. ಸಣ್ಣ ಕೆಲಸಗಳಿಗೆ, ಹೊರಗಿನ ಲಕ್ಷಣಗಳನ್ನು ಬಾಧಿಸದ ಕೆಲಸಗಳಿಗೆ ನಗರದ ಪಾರಂಪರಿಕ ಕಟ್ಟಡಗಳ ಆಯೋಗದ ಸಿಬ್ಬಂದಿಯೇ ಅನುಮತಿ ಕೊಡುತ್ತಾರೆ. ಮುಖವನ್ನೇ ಬದಲಿಸುವ ಕೆಲಸವಾದರೆ ಸಾರ್ವಜನಿಕ ವಿಚಾರಣೆ. ಪಟ್ಟಿಗೆ ಸೇರಿಸುವಾಗಲೇ ಕಟ್ಟಡದ ಒಂದೊಂದು ಲಕ್ಷಣವನ್ನೂ ವಿವರಿಸಿ ವರದಿ ಬರೆದಿಟ್ಟಿರುತ್ತಾರೆ; ಮುಂದಿನ ತೀರ್ಮಾನಗಳಿಗೆಲ್ಲ ಆ ವರದಿಯೇ ಅಳತೆಗೋಲು. ನಮ್ಮಲ್ಲಿ ಜಗಳ ಹುಟ್ಟುವುದೇ ಆ ಬರಹ ಇಲ್ಲದಿರುವುದರಿಂದ. ಏನನ್ನು ಉಳಿಸಬೇಕೆಂದು ಮೊದಲೇ ಬರೆದಿಡದೆ ಹೋದರೆ ಪ್ರತಿಯೊಂದು ಕಿಟಕಿಯೂ ಮಾಲೀಕನ ಇಷ್ಟಕ್ಕೂ ನೆರೆಯವರ ಭಾವನೆಗೂ ನಡುವಿನ ಹಗ್ಗಜಗ್ಗಾಟವಾಗುತ್ತದೆ.

ಅಕ್ಟೋಬರಿನಲ್ಲಿ ಮನೆಯವರೆಲ್ಲ ಸೇರಿದಾಗ ನಾನು ಇದನ್ನೆಲ್ಲ ಹೇಳಿದೆ. ಅಣ್ಣ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಉಳಿಸಿದರೆ ನಮಗೇನು ಸಿಗುತ್ತದೆ?" ಈ ಪ್ರಶ್ನೆಯನ್ನು ಹಣದಾಸೆ ಎಂದು ತಳ್ಳಿಹಾಕುವವರನ್ನು ನಾನು ನೋಡಿದ್ದೇನೆ, ಅವರ ಮಾತನ್ನು ನಾನು ಒಪ್ಪುವುದಿಲ್ಲ. ಕಾಫಿಗೆ ಬೆಲೆ ಬಿದ್ದ ವರ್ಷಗಳಲ್ಲೂ ಈ ಕುಟುಂಬ ಕಂದಾಯ ಕಟ್ಟಿ ಆ ಕಟ್ಟಡವನ್ನು ಇಟ್ಟುಕೊಂಡಿತ್ತು. ನ್ಯೂಯಾರ್ಕಿನ ಮಾಲೀಕರೂ ಇದೇ ಪ್ರಶ್ನೆ ಹಿಡಿದು ನ್ಯಾಯಾಲಯಕ್ಕೆ ಹೋಗಿದ್ದರು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಗೋಪುರ ಕಟ್ಟಲು ಬಿಡದ ಪ್ರಕರಣದಲ್ಲಿ 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಗರದ ಪರವಾಗಿ ತೀರ್ಪು ಕೊಟ್ಟಿತು: ಈಗಿನ ಬಳಕೆಯಿಂದಲೇ ನ್ಯಾಯವಾದ ಆದಾಯ ಬರುತ್ತಿರುವಾಗ ಇದು ಆಸ್ತಿ ಕಸಿದಂತಲ್ಲ. ಆದರೆ ಅಲ್ಲಿ ತೀರ್ಪಿನೊಂದಿಗೆ ಪರಿಹಾರದ ದಾರಿಯೂ ಇದೆ. 1998ರಿಂದ ಅಲ್ಲಿನ ರಂಗಮಂದಿರ ವಲಯದಲ್ಲಿ, ರಂಗಮಂದಿರದ ನೆತ್ತಿಯ ಮೇಲೆ ಕಟ್ಟದೆ ಬಿಟ್ಟ ಮಹಡಿಗಳ ಹಕ್ಕನ್ನು ವಲಯದ ಬೇರೆ ನಿವೇಶನಗಳಿಗೆ ಮಾರಬಹುದು. ಪ್ರತಿಯಾಗಿ ಕಟ್ಟಡ ರಂಗಮಂದಿರವಾಗಿಯೇ ಉಳಿಯಬೇಕು. ಮಡಿಕೇರಿಯ ಟಾಕೀಸಿಗೆ ಅಂಥ ಮಾರುಕಟ್ಟೆ ಇಲ್ಲ. ಅದನ್ನು ನಾನು ಮುಚ್ಚಿಡಲಿಲ್ಲ. "ಸಿಗುವುದು ಇಷ್ಟೇ. ಎಸಿಪಿಗೆ ಇಟ್ಟ ಹಣದಲ್ಲಿ ಗೋಡೆಯ ನೀರು ನಿಲ್ಲಿಸಿಕೊಡುತ್ತೇನೆ, ಅಂಗಡಿಗೆ ಬಾಗಿಲು ಮಾಡಿಕೊಡುತ್ತೇನೆ. ಮೇಲಿನ ಮಹಡಿ ಮಾತ್ರ ಕೈಬಿಡಿ" ಎಂದೆ.

ತಾಯಿ ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದರು. "ಅಕ್ಷರ ಬರೆದವನಿಗೆ ನಾನೇ ಊಟ ಬಡಿಸಿದ್ದೇನೆ. ಗೋಡೆಯ ಮೇಲೆ ಹಗ್ಗದಲ್ಲಿ ಕೂತು ಮೂರು ದಿನ ಕೆಲಸ ಮಾಡಿದ" ಎಂದರು. ಮಹಡಿಯ ಮಾತು ಅಲ್ಲಿಗೆ ನಿಂತಿತು.

ನಾವೇ ನಮ್ಮ ವರದಿ ಬರೆದೆವು, ನಾಲ್ಕು ಪುಟ. ಉಬ್ಬುಪಟ್ಟಿಗಳು, ಮೆಟ್ಟಿಲು ಪ್ಯಾರಪೆಟ್, ಅಕ್ಷರಗಳು, ಸಜ್ಜೆ, ಮೂರು ಕಿಂಡಿಗಳು: ಇವನ್ನು ಮುಟ್ಟುವಂತಿಲ್ಲ, ದುರಸ್ತಿ ಮಾತ್ರ. ಕಿಟಕಿಗಳ ಅಗಲವನ್ನೂ ಅವುಗಳ ನಡುವಿನ ಅಂತರವನ್ನೂ ಕೆಡಿಸುವಂತಿಲ್ಲ. ಆದರೆ ಕಿಟಕಿಯ ಕೆಳಗಿನ ಗೋಡೆ ತೆಗೆದು ಬಾಗಿಲು ಮಾಡಬಹುದು. ಎಂಬತ್ತರ ದಶಕದಲ್ಲಿ ಹಾಕಿದ ಕಬ್ಬಿಣದ ಗ್ರಿಲ್, ಪೋಸ್ಟರ್ ಪೆಟ್ಟಿಗೆ, ತಂತಿಗಳ ಗೋಜಲು ಹೋದರೆ ಹೋಗಲಿ. ಪೋಸ್ಟರ್ ಪೆಟ್ಟಿಗೆಯ ಬಗ್ಗೆ ನನಗೆ ಅನುಮಾನವಿತ್ತು, ಈಗಲೂ ಇದೆ. ಶಿಮ್ಲಾದ ಗೇಯ್ಟಿ ರಂಗಮಂದಿರ ನೆನಪಾಗುತ್ತಿತ್ತು. ಮೈಸೂರು ಅರಮನೆಯ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ರೂಪಿಸಿ 1887ರಲ್ಲಿ ತೆರೆದ ಆ ಕಟ್ಟಡದ ಮೇಲಿನ ಅಂತಸ್ತುಗಳನ್ನು ಅಪಾಯವೆಂದು 1911ರ ಸುಮಾರಿಗೆ ಕಳಚಿದರು. ಇತ್ತೀಚೆಗೆ ಅದನ್ನು ಜೀರ್ಣೋದ್ಧಾರ ಮಾಡಿದವರು ಉಳಿದದ್ದನ್ನೇ ಜೋಪಾನ ಮಾಡಿದರು. ನಂತರ ಸೇರಿದ್ದು, ನಂತರ ಹೋದದ್ದು ಕೂಡ ಕಟ್ಟಡದ ಆಯುಸ್ಸಿನ ಭಾಗವೇ. ಕೊನೆಗೆ ಒಂದು ಪೋಸ್ಟರ್ ಪೆಟ್ಟಿಗೆಯನ್ನು ಉಳಿಸಿಕೊಂಡೆವು.

ಇನ್ನು ನೀರು. ಕೊಡಗಿನಲ್ಲಿ ಹೊರಗೋಡೆಯ ಯಾವ ನಿಯಮವನ್ನೂ ಮಳೆಯನ್ನು ಬಿಟ್ಟು ಬರೆಯಲು ಸಾಧ್ಯವಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮನೆಯವರು ಶೀಟು ಹೊದಿಸಲು ಹೊರಟಿದ್ದು ಅಂದಕ್ಕಲ್ಲ. ಕಪ್ಪು ಪಾಚಿ ಹಿಡಿದು, ಬಣ್ಣ ಉಬ್ಬಿ, ಗಾರೆ ಚಕ್ಕೆ ಚಕ್ಕೆಯಾಗಿ ಬೀಳುತ್ತಿದ್ದುದಕ್ಕೆ. ಒಂದು ಚದರಡಿ ಕೆತ್ತಿ ನೋಡಿದೆ. ಮೇಲೆ ತೊಂಬತ್ತರ ದಶಕದ ದುರಸ್ತಿಯಲ್ಲಿ ಮೆತ್ತಿದ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ನಾಲ್ಕೈದು ಪದರ ಪ್ಲಾಸ್ಟಿಕ್ ಬಣ್ಣ. ಅಡಿಯಲ್ಲಿ ಹಳೆಯ ಸುಣ್ಣದ ಗಾರೆ ಹಿಟ್ಟಾಗಿತ್ತು. ಇಟ್ಟಿಗೆಯ ಮೇಲೆ ಬಿಳಿ ಉಪ್ಪು ಅರಳಿ ನಿಂತಿತ್ತು. ಸುಣ್ಣದ ಗಾರೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸಿಮೆಂಟಿನ ಚಿಪ್ಪು ಹಾಗೆ ಬಿಡುವುದಿಲ್ಲ. ಬಿರುಕಿನಲ್ಲಿ ಒಳಸೇರಿದ ನೀರು ಅಲ್ಲೇ ಕೊಳೆಯುತ್ತದೆ.

ಆದರೆ ನೀರಿನ ಮೂಲ ಗೋಡೆಯ ಮುಂಭಾಗದಲ್ಲಿರಲಿಲ್ಲ, ಪ್ಯಾರಪೆಟ್ಟಿನ ಬೆನ್ನಿಗಿತ್ತು. ಪ್ರೊಜೆಕ್ಟರ್ ಕೋಣೆಯ ಮೇಲಿನ ಹೆಂಚಿನ ಮಾಡು ಮುಂದಕ್ಕೆ ಇಳಿಜಾರಾಗಿ ಬಂದು ಪ್ಯಾರಪೆಟ್ಟಿನ ಹಿಂದಿನ ತಗಡಿನ ದೋಣಿಗೆ ನೀರು ಸುರಿಯುತ್ತದೆ. ಆ ಮಾಡು ಸುಮಾರು ಎಪ್ಪತ್ತು ಚದರ ಮೀಟರ್. ಗಂಟೆಗೆ ಐವತ್ತು ಮಿಲಿಮೀಟರ್ ಮಳೆ ಹೊಡೆದರೆ ಮೂರೂವರೆ ಸಾವಿರ ಲೀಟರ್. ಅದಷ್ಟೂ ಹೋಗಬೇಕಾದದ್ದು ಮೂರಿಂಚಿನ ಒಂದೇ ಕೊಳವೆಯಲ್ಲಿ, ಅದರ ಬಾಯಿಗೆ ಸಿಲ್ವರ್ ಓಕ್ ಎಲೆಗಳ ಮುದ್ದೆ. ದೋಣಿ ತುಂಬಿದಾಗ ನೀರು ಗೋಡೆಯೊಳಕ್ಕೇ ಇಳಿಯುತ್ತಿತ್ತು. ಎಸಿಪಿ ಹೊದಿಸಿದ್ದರೆ ಇದು ಹೊರಗೆ ಕಾಣುತ್ತಿರಲಿಲ್ಲ, ಅಷ್ಟೇ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಒಂದು ದಿನ ಉಬ್ಬುಪಟ್ಟಿಗಳೇ ಕಳಚಿ ಹಲಗೆಯ ಹಿಂದೆ ಬಿದ್ದಿರುತ್ತಿದ್ದವು. ಬೆಂಕಿಯ ಮಾತೂ ಇದೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 72 ಜನ ಸತ್ತಾಗ ಬೆಂಕಿಯನ್ನು ಹೊರಗೋಡೆಯುದ್ದಕ್ಕೂ ಹಬ್ಬಿಸಿದ್ದು ಪ್ಲಾಸ್ಟಿಕ್ ತಿರುಳಿನ ಇಂಥದೇ ಹಲಗೆ. ಜನ ಸೇರುವ ಸಭಾಂಗಣಕ್ಕೆ ಅದನ್ನು ಹೊದಿಸುವ ನಕ್ಷೆಗೆ ನಾನು ಸಹಿ ಹಾಕಲಾರೆ ಎಂದೆ.

ದೋಣಿಗೆ ನಾಲ್ಕಿಂಚಿನ ಎರಡು ಹೊಸ ಕೊಳವೆ, ಬಾಯಿಗೆ ಬಲೆ, ತುಂಬಿ ಉಕ್ಕಿದರೆ ಗೋಡೆಯಿಂದಾಚೆ ಚೆಲ್ಲಲು ಒಂದು ತೂಬು. ಪ್ಯಾರಪೆಟ್ಟಿನ ನೆತ್ತಿಗೆ ಹಿಂದಕ್ಕೆ ಇಳಿಜಾರು. ಸಿಮೆಂಟ್ ಪೂರ್ತಿ ಕೆತ್ತಿ ಸುಣ್ಣದ ಗಾರೆ, ಅದರ ಮೇಲೆ ಸುಣ್ಣವೇ. ಸಜ್ಜೆ ಮಾತ್ರ ಹುಟ್ಟಿನಿಂದಲೇ ಕಾಂಕ್ರೀಟು. ಅಲ್ಲಿ ತುಕ್ಕು ಹಿಡಿದ ಸರಳುಗಳನ್ನು ಉಜ್ಜಿ ಕಾಂಕ್ರೀಟಿನಿಂದಲೇ ಮುಚ್ಚಿದೆವು.

ಶೀಟಿನ ಎರಡನೆಯ ಮಾಡನ್ನು ನಾನು ಒಪ್ಪಿಕೊಂಡೆ. ಹಳೆಯ ಹೆಂಚಿನ ಮಾಡಿನ ಮೇಲೆ ಶೀಟು ಹಾಕುವುದು ಕೊಡಗಿನಲ್ಲಿ ಎಲ್ಲೆಲ್ಲೂ ಇದೆ, ಅದಕ್ಕೆ ಕಾರಣವೂ ಇದೆ. ಅದು ರಸ್ತೆಯಿಂದ ಕಾಣಬಾರದಷ್ಟೆ. ಮೇಲೆ ಸೇರಿಸುವ ಭಾಗ ಎಲ್ಲಿಂದ ಎಷ್ಟು ಕಾಣುತ್ತದೆ ಎಂದು ಸ್ಥಳದಲ್ಲೇ ಮಾದರಿ ನಿಲ್ಲಿಸಿ ನೋಡುವುದು ನ್ಯೂಯಾರ್ಕಿನ ಪದ್ಧತಿ. ನಾವು ಬಿದಿರಿನ ಗಳ ನಿಲ್ಲಿಸಿ ತುದಿಗೆ ಕೆಂಪು ಬಟ್ಟೆ ಕಟ್ಟಿದೆವು. ಎದುರಿನ ಕಾಲುದಾರಿಯಿಂದ ಬಟ್ಟೆ ಕಾಣಿಸಿತು. ಎಂಟಡಿ ಹಿಂದೆ ಸರಿಸಿದಾಗ ಮರೆಯಾಯಿತು. ಸಮಾಧಾನದಿಂದ ನಡೆದು ಮೇಲಿನ ತಿರುವಿಗೆ ಬಂದು ಹಿಂದಿರುಗಿ ನೋಡಿದರೆ ಇಡೀ ಮಾಡು ಅಂಗೈಯಲ್ಲಿ ಇಟ್ಟಂತೆ ಕಾಣುತ್ತಿತ್ತು! ಸಮತಟ್ಟಾದ ಬೀದಿಗಳ ಊರಿಗೆ ಬರೆದ ನಿಯಮ ಗುಡ್ಡದ ಊರಿಗೆ ಸಾಲದು. ಮಡಿಕೇರಿಯಲ್ಲಿ ಕಟ್ಟಡಕ್ಕೆ ನೆತ್ತಿಯೂ ಒಂದು ಮುಖ. ಆಮೇಲೆ ಶೀಟಿನ ಇಳಿಜಾರನ್ನು ಹೆಂಚಿನ ಇಳಿಜಾರಿಗೆ ಹೊಂದಿಸಿದೆವು, ಹಳೆಯ ಹೆಂಚಿನ ಮಾಸಲು ಕೆಂಪನ್ನೇ ಬಳಿಸಿದೆವು. ನಮ್ಮ ನಾಲ್ಕು ಪುಟದ ವರದಿಗೆ ಐದನೆಯ ಪುಟ ಸೇರಿತು.

ಉಳಿದವು ಬೇಗ ಮುಗಿದವು. ಎಲ್‌ಇಡಿ ಫಲಕ ಹಳೆಯ ಬೋರ್ಡಿನ ಅಳತೆಗೆ ಇಳಿದು ಸಜ್ಜೆಯ ಅಂಚಿಗೆ ಬಂತು. ದಿನದಿನವೂ ಬದಲಾಗುವ ಬರಹ ರಂಗಮಂದಿರದ ಕಸುಬಿನ ಭಾಗ, ಅದಕ್ಕೆ ಅಡ್ಡಿ ಮಾಡುವುದು ಸರಿಯಲ್ಲ. ಮುಂದಿನ ಮೂರು ಮೆಟ್ಟಿಲುಗಳ ಎತ್ತರ ಹದಿನೆಂಟು ಇಂಚು. ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದರ ಇಳಿಜಾರೆಂದರೆ ಹದಿನೆಂಟು ಅಡಿ ಉದ್ದ. ಮುಂದೆ ಅಷ್ಟು ಜಾಗವಿರಲಿಲ್ಲ, ಓಣಿಯಲ್ಲಿ ಇತ್ತು. ಗಾಂಧಿ ಕ್ಲಾಸಿನ ಕಿಂಡಿಯ ಪಕ್ಕದಲ್ಲೇ ಅದು ಹಾದುಹೋಗುತ್ತದೆ. ಆ ಬಾಗಿಲನ್ನು ಈಗ ಎಲ್ಲರಿಗೂ ತೆರೆದಿದ್ದಾರೆ.

ಕೋಟೆಯ ನಿಯಮದಂತೆ ಅನುಮತಿಗೆ ಅರ್ಜಿ ಹೋದದ್ದು ನವೆಂಬರ್ ನಡುವೆ. ಕಾನೂನಿನ ಪ್ರಕಾರ ಸಕ್ಷಮ ಪ್ರಾಧಿಕಾರ ಹದಿನೈದು ದಿನದೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅಲ್ಲಿ ಎರಡು ತಿಂಗಳು, ಮರಳಿ ಬಂದ ಮೇಲೆ ಒಂದು ತಿಂಗಳು. ಒಪ್ಪಿಗೆ ಕೈಗೆ ಬಂದದ್ದು ಮಾರ್ಚ್ ಮೊದಲ ವಾರ. ಅದರಿಂದ ಒಂದು ಅನುಕೂಲವೂ ಆಯಿತು: ಅಷ್ಟರಲ್ಲಿ ಕಾಫಿ ಕುಯ್ಲು ಮುಗಿದು ಕೆಲಸದವರು ಸಿಕ್ಕಿದರು. ಆದರೆ ಸುಣ್ಣದ ಗಾರೆಗೆ ಸಿಕ್ಕಿದ್ದು ಬರೀ ಹನ್ನೆರಡು ವಾರ, ನಡುವೆ ಕಾಫಿ ಹೂ ಅರಳಿಸುವ ಹೂಮಳೆ. ತೋಟದವರು ಹಾರೈಸುವ ಆ ಮಳೆ ಹಸಿ ಗಾರೆಯ ಮೇಲೆ ಬಿದ್ದ ರಾತ್ರಿ ಅಣ್ಣತಮ್ಮಂದಿರಿಬ್ಬರೂ ಟಾರ್ಪಾಲು ಹಿಡಿದು ಅಟ್ಟಣಿಗೆಯ ಮೇಲೆ ನಿಂತಿದ್ದರು. ಇಲ್ಲಿ ಹಳೆಯ ಕಟ್ಟಡದ ಹೊರಗೋಡೆಗೆ ಕೈಹಾಕುವವರು ಅರ್ಜಿಯನ್ನು ಆಗಸ್ಟಿನಲ್ಲೇ ಕೊಡಬೇಕು. ಅದು ನನಗೆ ಮೊದಲೇ ಹೊಳೆಯಬೇಕಿತ್ತು.

ಇನ್ನೂ ಒಂದು ತಪ್ಪು ನನ್ನದೇ. ಬಲಗಡೆಯ ಎರಡನೆಯ ಕಿಟಕಿಯ ಸಿಮೆಂಟ್ ಜಾಲಂಧ್ರವನ್ನು ಗ್ರಿಲ್‌ನೊಂದಿಗೆ ಬಂದದ್ದೆಂದು ತಿಳಿದು ತೆಗೆಸಿಬಿಟ್ಟೆ. ಜೂನ್‌ನಲ್ಲಿ ತಾಯಿ ಒಂದು ಹಳೆಯ ಫೋಟೊ ಹುಡುಕಿ ತಂದರು. ಬಾಗಿಲು ತೆರೆದ ದಿನದ್ದು. ಜಾಲಂಧ್ರ ಅಲ್ಲೇ ಇತ್ತು. ವರದಿ ಬರೆಯುವ ಮೊದಲು ಮನೆಯ ಟ್ರಂಕುಗಳನ್ನು ತೆರೆಸಬೇಕಾಗಿತ್ತು.

ಆಗಸ್ಟಿನಲ್ಲಿ, ನಾಲ್ಕು ದಿನ ಬಿಡದೆ ಸುರಿದ ಮಳೆಯ ನಡುವೆ, ಅಣ್ಣ ಮತ್ತು ನಾನು ಎದುರಿನ ಕಾಲುದಾರಿಯಲ್ಲಿ ಕೊಡೆ ಹಿಡಿದು ನಿಂತು ಗೋಡೆಯನ್ನು ನೋಡಿದೆವು. ಗೋಡೆ ಪೂರ್ತಿ ನೆನೆದು ಕಪ್ಪಾಗಿತ್ತು. ಸುಣ್ಣದ ಗೋಡೆ ಹಾಗೆಯೇ ಇರಬೇಕು, ಬಿಸಿಲಿಗೆ ಬಿಳಿಯಾಗುತ್ತದೆ ಎಂದೆ. ಒಳಗೆ ಹೋಗಿ ಕೈಯಿಟ್ಟು ನೋಡಿದಾಗ ಪ್ರೊಜೆಕ್ಟರ್ ಕೋಣೆಯ ಗೋಡೆ ಒಣಗಿತ್ತು, ಎಡಮೂಲೆಯ ಕೊಳವೆಯ ಹತ್ತಿರ ಮಾತ್ರ ಒಂದು ಮೊಳದಷ್ಟು ತೇವ. ಕೊಳವೆ ಸೇರುವ ಕಡೆ ಬಿರುಕಿರಬೇಕು. ಹುತ್ತರಿ ಮುಗಿದ ಮೇಲೆ ಬಿಚ್ಚಿ ನೋಡುವುದೆಂದು ಅದನ್ನು ಐದನೆಯ ಪುಟದ ಕೆಳಗೆ ಬರೆದುಕೊಂಡೆವು.